ಲಕೋಟೆಯ ಮೇಲಿನ ಕೊನೆಯ ಹುಡುಗಿ

ಕಳಸ
16 ಫೆಬ್ರುವರಿ 2003

ಪ್ರೀತಿಯ ಮುತ್ತು,

ನಿನ್ನ ದೀಪಾವಳಿಯ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಮೊದಲು ಬೈದು ಮುಗಿಸು, ಆಮೇಲೆ ಓದು. ರೊಬಸ್ಟಾ ಕಾಫಿ ಕೊಯ್ಲು ಈ ಸಲ ತಡವಾಯಿತು, ಮನೆ ತುಂಬ ಜನ, ಕೈಗೆ ಬಿಡುವಿಲ್ಲ ಎಂದೆಲ್ಲ ನೆಪ ಹೇಳಬಹುದು. ನಿಜ ಹೇಳಬೇಕೆಂದರೆ ಸೋಮಾರಿತನ. ನಿನ್ನ ಮಂಡಿನೋವು ಹೇಗಿದೆ? ಸೊಸೆ ತಂದುಕೊಟ್ಟ ಎಣ್ಣೆ ಹಚ್ಚುತ್ತಿದ್ದೀಯೋ, ಇಲ್ಲಾ ಅವಳೆದುರು ತಲೆಯಾಡಿಸಿ ಬಾಟಲಿಯನ್ನು ಮೂಲೆಗೆ ತಳ್ಳಿದ್ದೀಯೋ? ನಿನ್ನನ್ನು ನಾನು ಬಲ್ಲೆ.

ಇದರ ಜೊತೆಗೆ ಎರಡು ರಟ್ಟಿನ ನಡುವೆ ಇನ್ನೊಂದು ಲಕೋಟೆ ಇಟ್ಟಿದ್ದೇನೆ. ಕೈ ಒರೆಸಿಕೊಂಡು ತೆಗೆದು ನೋಡು. ಕಳೆದ ತಿಂಗಳು ಚಿಕ್ಕಮಗಳೂರಿನಲ್ಲಿ ಅಂಚೆಚೀಟಿಗಳ ಪ್ರದರ್ಶನ ನಡೆಯಿತಂತೆ. ಹಾಕಿ ಆಟದ ಚರಿತ್ರೆಯ ನೆನಪಿಗೆ ಅಲ್ಲಿ ಈ ವಿಶೇಷ ಲಕೋಟೆ ಬಿಡುಗಡೆ ಮಾಡಿದರು. ಸ್ಟಾಂಪಿನ ಮೇಲೆ ಹೊಡೆದ ಠಸ್ಸೆ ನೋಡು, ಅದರಲ್ಲೂ ಹಾಕಿ ಕೋಲಿದೆ. ಆ ಠಸ್ಸೆ ಆ ಒಂದು ದಿನಕ್ಕೆ ಮಾತ್ರವಂತೆ. ಇದರ ಮೇಲೆ ವಿಳಾಸ ಬರೆಯಬಾರದು, ಒಳಗೆ ಕಾಗದ ಇಡಬಾರದು, ಮಡಚಬಾರದು. ಹಾಗಾದರೆ ಇದೆಂಥ ಲಕೋಟೆಯೋ ನನಗಂತೂ ತಿಳಿಯಲಿಲ್ಲ.

ನಮ್ಮವರು ಕಾಳುಮೆಣಸಿನ ರೇಟು ವಿಚಾರಿಸಲು ಪೇಟೆಗೆ ಹೋದವರು ಇದನ್ನು ತಂದು ನನ್ನ ಮುಂದೆ ಹಿಡಿದರು. "ಅಂಬುಜಾ, ಈ ಕೊನೇಲಿ ನಿಂತಿರೋ ಜಡೆಯವಳು ಯಾರೇ? ನಿನ್ನ ಹಾಗೇ ಕತ್ತು ಸೆಟೆದುಕೊಂಡಿದಾಳಲ್ಲ" ಎಂದರು. ಕನ್ನಡಕ ಹಾಕಿಕೊಂಡು ನೋಡಿದೆ. ಎಡಗಡೆ ಗಂಡಸರ ತಂಡದ ಚಿತ್ರ. ಬಲಗಡೆ ಸಾಲಾಗಿ ಹನ್ನೊಂದು ಹುಡುಗಿಯರು, ಮೊಣಕಾಲಿನ ತನಕ ಲಂಗ, ಕೈಯಲ್ಲಿ ಕೋಲು. ಹಿಂದೆ ನಮ್ಮ ಹಾಸ್ಟೆಲಿನ ನೀರಿನ ತೊಟ್ಟಿ. ನಮ್ಮ ಟೀಮೇ ಮುತ್ತು!

ಗೆರೆ ಚಿತ್ರವಾದ್ದರಿಂದ ಮುಖ ಯಾರದೂ ಗೊತ್ತಾಗುವುದಿಲ್ಲ. ಎಲ್ಲರಿಗೂ ಒಂದೇ ಮೂಗು ಅಂಟಿಸಿದ್ದಾನೆ ಆ ಪುಣ್ಯಾತ್ಮ. ಆದರೆ ಸಾಲಿನ ಕೊನೆ ನನ್ನ ಜಾಗವಾಗಿತ್ತಲ್ಲ. ಉದ್ದ ಇದ್ದೇನೆಂದು ರುಕ್ಮಿಣಮ್ಮ ಟೀಚರ್ ನನ್ನನ್ನು ಯಾವಾಗಲೂ ತುದಿಗೆ ನಿಲ್ಲಿಸುತ್ತಿದ್ದರು. ನಾನೇ ಇರಬಹುದು ಎಂದೆ. ಅಷ್ಟು ಅಂದದ್ದೇ ತಪ್ಪಾಯಿತು ನೋಡು. ನಮ್ಮವರು ಅದನ್ನು ಹಾಲಿನ ಡೈರಿಯಲ್ಲಿ ಹೇಳಿದರು, ಸಂಜೆಯೊಳಗೆ ಕಳಸಕ್ಕೆಲ್ಲ ಸುದ್ದಿ. ಮಹಿಳಾ ಸಮಾಜದ ಅಧ್ಯಕ್ಷೆ ಶಂಕರಮ್ಮ ಮರುದಿನವೇ ಬಂದು, "ನಮ್ಮೂರಿನವರ ಚಿತ್ರ ಅಂಚೆ ಲಕೋಟೆ ಮೇಲೆ ಬಂದಿದೆ ಅಂದ್ರೆ ಸಣ್ಣ ಮಾತಾ? ಮಾರ್ಚ್ ಎಂಟಕ್ಕೆ ನಿಮಗೆ ಸನ್ಮಾನ" ಎಂದು ನಿರ್ಧಾರ ಮಾಡಿಕೊಂಡೇ ಹೋದರು.

ಬೇಡ ಎಂದು ಬಾಯಲ್ಲಿ ಅಂದೆ. ಮನಸ್ಸಿನಲ್ಲಿ ಯಾವ ಸೀರೆ ಉಡಲಿ ಎಂದು ಲೆಕ್ಕ ಹಾಕುತ್ತಿದ್ದೆ. ನನಗೆ ಎಷ್ಟು ಆಸೆಯಾಯಿತೆಂದು ನಿನಗಲ್ಲದೆ ಇನ್ಯಾರಿಗೆ ಹೇಳಲಿ? ಮದುವೆಯಾದ ಮೇಲೆ ನಾನು ಇಂಥವರ ಹೆಂಡತಿ, ಇಂಥವರ ತಾಯಿ. ಸ್ವಂತಕ್ಕೆ ನಾನು ಏನೋ ಒಂದು ಆಗಿದ್ದೆ ಎನ್ನುವುದಕ್ಕೆ ಈ ಚಿತ್ರ ಬಿಟ್ಟರೆ ಬೇರೆ ಗುರುತಿಲ್ಲ.

ಆದರೆ ಒಂದು ಹುಳ ತಲೆಯೊಳಗೆ ಕೊರೆಯತೊಡಗಿತು. ನಮ್ಮ ಟೀಮಿಗೆ ಎರಡು ಸಲ ಫೋಟೋ ತೆಗೆದಿದ್ದರಲ್ಲವಾ? ಹೊಸ ಲಂಗ ಹೊಲಿಸಿದಾಗ ಒಂದು ಸಲ. ಅದರಲ್ಲಿ ನಾನಿದ್ದೆ. ಫೈನಲ್ಲಿನ ಬೆಳಿಗ್ಗೆ ಇನ್ನೊಂದು ಸಲ ತೆಗೆದರೆಂದು ಆಮೇಲೆ ಯಾರೋ ಹೇಳಿದ್ದರು. ಅಷ್ಟರಲ್ಲಿ ಅಪ್ಪಯ್ಯ ಹಾಸ್ಟೆಲಿಗೆ ಬಂದು, ಗಂಡಿನ ಕಡೆಯವರು ನೋಡಲು ಬರುತ್ತಾರೆಂದು ನನ್ನನ್ನು ಕಳಸದ ಬಸ್ಸಿಗೆ ಹತ್ತಿಸಿಯಾಗಿತ್ತು. ನನ್ನ ಜಾಗಕ್ಕೆ ಟೀಚರ್ ಹನ್ನೆರಡನೆಯವಳಾಗಿ ಹೊರಗೆ ಕೂರುತ್ತಿದ್ದ ನಿನ್ನನ್ನು ಇಳಿಸಿದರು. ಹಾಗಾದರೆ ಲಕೋಟೆಯ ಮೇಲಿರುವುದು ಯಾವ ಫೋಟೋ? ನಾನೋ, ನೀನೋ?

ತಿಳಿಯದೆ ಹಾರ ಹಾಕಿಸಿಕೊಳ್ಳಲು ಮನಸ್ಸು ಬರಲಿಲ್ಲ. ಚಿಕ್ಕಮಗಳೂರಿನ ಅಂಚೆ ಕಚೇರಿಗೆ ಹೋಗಿ ವಿಚಾರಿಸಿದೆ. ಅಲ್ಲಿನ ಹುಡುಗಿ ನಗುನಗುತ್ತಾ, "ಆ ಫೋಟೋ ಕೊಟ್ಟಿದ್ದು ಆಲ್ದೂರಿನ ಹರ್ಷವರ್ಧನ ಅನ್ನೋರು ಅಮ್ಮ, ಸ್ಟಾಂಪ್ ಕೂಡಿಡ್ತಾರೆ" ಎಂದಳು. ಬರುವ ದಾರಿಯಲ್ಲಿ ಆಲ್ದೂರಿನಲ್ಲಿ ಇಳಿದೆ. ಔಷಧಿ ಅಂಗಡಿ ಇಟ್ಟಿದ್ದಾನೆ, ಒಳ್ಳೇ ಹುಡುಗ. ಯಾರ ಮನೆಯವನು ಎಂದುಕೊಂಡೆ? ರುಕ್ಮಿಣಮ್ಮ ಟೀಚರ್ ಮೊಮ್ಮಗ! ಟೀಚರ್ ತೀರಿಹೋಗಿ ಕೆಲವು ವರ್ಷವಾಯಿತಂತೆ. ನಮಗೆ ಒಂದು ಸುದ್ದಿಯೂ ಮುಟ್ಟಲಿಲ್ಲವಲ್ಲ ಎಂದು ಸಂಕಟವಾಯಿತು.

ಅವನು ಕಪಾಟಿನಿಂದ ಅಸಲಿ ಫೋಟೋ ತೆಗೆದುಕೊಟ್ಟ. ನಮ್ಮ ಮಳೆಗಾಲ ಯಾರನ್ನು ಬಿಟ್ಟಿದೆ ಹೇಳು. ಬೂಷ್ಟು ಹಿಡಿದು ಮುಖಗಳೆಲ್ಲ ಬೆಳ್ಳಗಾಗಿವೆ. ಮೊದಲು ನಿರಾಸೆಯಾಯಿತು. ಆಮೇಲೆ ಕೊನೆಯ ಹುಡುಗಿಯ ಕೋಲು ಕಣ್ಣಿಗೆ ಬಿತ್ತು.

ಉಳಿದ ಹತ್ತು ಜನರ ಕೋಲಿನ ಬಾಗಿದ ತುದಿ ನೆಲದ ಮೇಲಿದೆ. ಇವಳೊಬ್ಬಳದು ಮಾತ್ರ ಹೆಗಲ ಮೇಲೆ, ಬಾಗಿದ ತುದಿ ಆಕಾಶಕ್ಕೆ. ಎತ್ತರದ ಕಾಫಿ ಗಿಡದ ಕೊಂಬೆ ಬಗ್ಗಿಸುವ ಕೊಕ್ಕೆ ಹೊತ್ತುಕೊಂಡು ತೋಟಕ್ಕೆ ಹೊರಟವಳ ಹಾಗೆ. ಟೀಚರ್ ದಿನಾ ಕೂಗುತ್ತಿದ್ದದ್ದು ನೆನಪಿದೆಯಾ? "ಮುತ್ತಮ್ಮ, ಇದು ಮೂಡಿಗೆರೆಯ ತೋಟ ಅಲ್ಲ ಕಣೇ, ಹಣ್ಣು ಕುಯ್ಯೋದಲ್ಲ, ಇಳಿಸು ಕೋಲು." ನೀನು ಇಳಿಸುತ್ತಿದ್ದೆ, ಅವರು ಆಚೆ ತಿರುಗಿದ ಕೂಡಲೇ ಮತ್ತೆ ಹೆಗಲಿಗೆ. ಚಿಕ್ಕಂದಿನಿಂದ ಅಮ್ಮನ ಹಿಂದೆ ಕೊಯ್ಲಿಗೆ ಹೋದ ಕೈ, ಅದಕ್ಕೆ ಬೇರೆ ಗೊತ್ತಿರಲಿಲ್ಲ.

"ಲಕೋಟೆಲಿ ಇದು ಹೀಗಿಲ್ಲವಲ್ಲಪ್ಪ" ಎಂದೆ. "ಚಿತ್ರ ಬರೆದವ್ರು ಸರಿ ಮಾಡಿದ್ರು ಅಮ್ಮ. ಒಬ್ಬರದ್ದು ಮಾತ್ರ ತಲೆಕೆಳಗಾಗಿ ಹಿಡಿದ ಹಾಗೆ ಕಾಣುತ್ತೆ, ನೋಡಿದವ್ರು ನಗ್ತಾರೆ ಅಂದ್ರು" ಎಂದ ಹರ್ಷವರ್ಧನ. ಅವರು ತಿದ್ದಿದ್ದು ನಿನ್ನನ್ನು ಮುತ್ತು. ತಿದ್ದಿ ನನ್ನ ಹಾಗೆ ಮಾಡಿಟ್ಟಿದ್ದಾರೆ. ಮೊದಲು ನಗು ಬಂತು, ಆಮೇಲೆ ಅಳುತ್ತಾ ಕೂತುಬಿಟ್ಟೆ. ಆ ಹುಡುಗ ಗಾಬರಿಯಾಗಿ ನೀರು ತಂದುಕೊಟ್ಟ.

ಮನೆಗೆ ಬಂದು ಹೇಳಿದರೆ ನಮ್ಮವರು, "ಸುಮ್ನಿರೇ, ನೀನೇ ಅಂತ ಇರ್ಲಿ. ಯಾರಿಗೆ ಗೊತ್ತಾಗುತ್ತೆ?" ಎಂದರು. ಮುತ್ತುಗೆ ಗೊತ್ತಾಗುತ್ತದೆ ಎಂದೆ. ಸಿಟ್ಟು ಬಂದು ಅವರಿಗೆ ಅವತ್ತು ಮೊಸರೇ ಹಾಕಲಿಲ್ಲ. ಮರುದಿನ ಶಂಕರಮ್ಮನ ಮನೆಗೆ ಹೋದೆ. ಪಾಪ, ಆಕೆ ಆಮಂತ್ರಣವನ್ನು ಅಚ್ಚಿಗೆ ಕೊಟ್ಟಾಗಿತ್ತು. "ಈಗ ಆ ಮುತ್ತಮ್ಮನ್ನ ಎಲ್ಲಿಂದ ತರ್ಲಿ?" ಎಂದು ತಲೆ ಮೇಲೆ ಕೈ ಹೊತ್ತರು. ಸೋಮವಾರಪೇಟೆಯಿಂದ ನಾನು ಕರೆಸುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದೇನೆ.

ಆದ್ದರಿಂದ ನೀನು ಬರಬೇಕು. ಮಂಡಿಯ ನೆಪ ಬೇಡ. ಸಕಲೇಶಪುರದ ಮೇಲೆ ಮೂಡಿಗೆರೆಗೆ ಬಾ, ಅಲ್ಲಿಗೆ ನಾನೇ ಜೀಪು ತರುತ್ತೇನೆ. ಹರ್ಷವರ್ಧನ ಫೋಟೋ ತರಲು ಒಪ್ಪಿದ್ದಾನೆ. ಕೋಲು ಹೆಗಲ ಮೇಲಿಟ್ಟವಳು ನೀನೆಂದು ಸಭೆಯಲ್ಲಿ ನಾನೇ ಹೇಳುತ್ತೇನೆ. ಹಾರ ಹಾಕುವವಳೂ ನಾನೇ.

ನಿನ್ನ ಮಕ್ಕಳು ಮೊಮ್ಮಕ್ಕಳು ತಣ್ಣಗಿರಲಿ. ನಿನ್ನ ಯಜಮಾನರಿಗೆ ನಮ್ಮಿಬ್ಬರ ನಮಸ್ಕಾರ. ಆ ಹಾಳು ಎಣ್ಣೆ ಹಚ್ಚಿಕೊ.

ನಿನ್ನವಳೇ,
ಅಂಬು

ಮರೆತಿದ್ದು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಆಲ್ದೂರಿನಲ್ಲಿ ಹರ್ಷವರ್ಧನ, "ಆವತ್ತಿನ ಮ್ಯಾಚ್ ಬಗ್ಗೆ ಅಜ್ಜಿ ಯಾವಾಗ್ಲೂ ಹೇಳ್ತಿದ್ರು..." ಎಂದು ಶುರುಮಾಡಿದ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದುಬಿಟ್ಟೆ. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಇಷ್ಟು ವರ್ಷ ನಾವು ಬಾಣಂತನ, ಬೆಲೆ, ಬೇನೆ ಎಲ್ಲ ಬರೆದುಕೊಂಡೆವು. ಆ ಫೈನಲ್ ಸುದ್ದಿ ಮಾತ್ರ ನಾನು ಕೇಳಲಿಲ್ಲ, ನನಗೆ ನೋವಾದೀತೆಂದು ನೀನೂ ಹೇಳಲಿಲ್ಲ. ಹೆಣ್ಣು ನೋಡಲು ಬಂದವರ ಮುಂದೆ ತಟ್ಟೆ ಹಿಡಿದು ತಲೆ ತಗ್ಗಿಸಿ ನಿಂತಿದ್ದಾಗಲೂ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ಇನ್ನು ತಡೆಯಲಾರೆ. ಬೇರೆಯವರ ಬಾಯಿಂದ ನನಗೆ ಬೇಡ, ಮೂಡಿಗೆರೆಯಲ್ಲಿ ಬಸ್ಸಿಳಿದ ಕೂಡಲೇ ನೀನೇ ಹೇಳು. ಅವತ್ತು ನಾವು ಗೆದ್ದೆವೇನೇ?