ಒಂಬತ್ತನೆಯ ಬಾಟಲಿ

ಮೂರನೆಯ ಮಹಡಿ, ಹಿಂಬದಿಯ ಕೋಣೆ
ಮಾರ್ಚ್ 9, ಸೋಮವಾರ ಮಧ್ಯಾಹ್ನ

ಪ್ರೀತಿಯ ಪುಟ್ಟನಿಗೆ,

ಗಡ್ಡ ಹೆರೆದುಕೊಳ್ಳುವಾಗ ಅಪ್ಪ ತಾವೇ ಕಟ್ಟಿದ ಒಂದು ಸಾಲು ಗುನುಗುತ್ತಿದ್ದರಲ್ಲ, ಅದು “ಚಿಪ್ಪೇನು ಬಲ್ಲದು ಕಡಲಿನ ಸಂಕಟ” ಎಂದೋ, “ಕಡಲೇನು ಬಲ್ಲದು ಚಿಪ್ಪಿನ ಸಂಕಟ” ಎಂದೋ? ಬೆಳಗಿನಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಮೊದಲನೆಯದಾದರೆ ಅಪ್ಪನ ಮಾತು ಶುದ್ಧ ಸುಳ್ಳು. ಚಿಪ್ಪಿಗೆ ಎಲ್ಲ ಗೊತ್ತು. ಕೇಳಿಸಿಕೊಳ್ಳಲು ಮನುಷ್ಯರಿಗೇ ಮನಸ್ಸಿಲ್ಲ.

ಅದಿರಲಿ, ನಿನ್ನ ಮಂಡಿ ಹೇಗಿದೆ? ಬೆರಳಿನ ಬಿರುಕಿಗೆ ಕಳಿಸಿದ ಮುಲಾಮು ಹಚ್ಚುತ್ತಿದ್ದೀಯೋ, ಇಲ್ಲ ಬಾಗಿಲಿನ ಕೀಲಿಗೆ ಬಳಿದು ಮುಗಿಸಿದೆಯೋ? ಹಡಗಿನ ಇಂಟರ್ನೆಟ್ಟು ನಿನ್ನ ಮೂಗಿನಂತೆ ಸದಾ ಕಟ್ಟಿಕೊಂಡಿರುವುದರಿಂದ, ನೀವು ಮುಂದೆ ಬಂದು ನಿಲ್ಲುವ ಬಂದರಿನ ಕಚೇರಿಗೇ ಈ ಕಾಗದ ಹಾಕುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ನಲವತ್ತೆಂಟಕ್ಕೆ ಮತ್ತೆ ಓದಲು ಕುಳಿತವಳ ಕುತ್ತಿಗೆ ಎಷ್ಟು ಚೆನ್ನಾಗಿರಬಹುದೋ ಅಷ್ಟು.

ಉತ್ತರದ ತಣ್ಣನೆಯ ಕಡಲಲ್ಲಿ ಬಲೆ ಎಳೆದು ನೀನು ಕಳಿಸಿದ ಹನ್ನೆರಡು ಬಾಟಲಿಗಳಲ್ಲಿ ಒಂಬತ್ತನೆಯದು ನನ್ನನ್ನು ಜಗಳಕ್ಕೆ ಇಳಿಸಿದೆ. ನೀನು ಎತ್ತಿದ ಆ ಗಂಜಿಯಂಥ ನೀರಿನಲ್ಲಿ ಮರಳಿನ ಕಣದಷ್ಟು ಸಣ್ಣ ಜೀವಿಗಳಿರುತ್ತವೆ. ತೇಲುತ್ತಲೇ ಸುಣ್ಣದ ಮನೆ ಕಟ್ಟಿಕೊಳ್ಳುತ್ತವೆ. ಮನೆಯ ಸುರುಳಿ ಎಡಕ್ಕೆ ತಿರುಗಿದರೆ ಅದು ಕೊರೆಯುವ ನೀರಿನ ಜಾತಿ. ಬಲಕ್ಕೆ ತಿರುಗಿದರೆ ಅದರ ನೆಂಟ, ಒಂದಿಷ್ಟು ಬೆಚ್ಚಗಿನ ನೀರು ಬೇಕೆನ್ನುವವನು. ಅಷ್ಟು ಉತ್ತರದಲ್ಲಿ ನೂರಕ್ಕೆ ತೊಂಬತ್ತು ಎಡದವೇ ಇರಬೇಕು. ಉಳಿದ ಹನ್ನೊಂದರಲ್ಲಿ ಹಾಗೆಯೇ ಇವೆ. ಒಂಬತ್ತರಲ್ಲಿ ಮುನ್ನೂರು ಎಣಿಸಿದೆ. ಇನ್ನೂರ ಹನ್ನೆರಡು ಬಲದವು. ಯಾರೂ ಕಾಣದ ಹಾಗೆ ಬೆಚ್ಚನೆಯ ನೀರು ಅಲ್ಲಿಗೆ ನುಗ್ಗಿದೆ ಎಂದು ಅವು ಹೇಳುತ್ತಿವೆ.

ನಮ್ಮ ಪ್ರೊಫೆಸರರಿಗೆ ಲ್ಯಾಬಿನಲ್ಲಿ ‘ಸರಾಸರಿ’ ಎಂದು ಹೆಸರು. ನಕ್ಷೆಯ ಗೆರೆ ನುಣ್ಣಗಿದ್ದರೆ ಮಾತ್ರ ಅವರಿಗೆ ಊಟ ರುಚಿಸುವುದು. “ಒಂಬತ್ತು ಬಿಟ್ಬಿಡಿ ಮೇಡಂ, ನೀವು ಮತ್ತೆ ಮಗುಚಿ ಎಣಿಸಿರ್ತೀರಿ” ಎಂದರು. ಅವರು ಅನುಮಾನಿಸಿದ್ದರಲ್ಲಿ ತಪ್ಪಿಲ್ಲ. ಚಿಪ್ಪು ಬೆನ್ನು ಮೇಲಾಗಿ ಮಲಗಿರುವಾಗಲೇ ಸುರುಳಿ ನೋಡಬೇಕು. ಹೊಟ್ಟೆ ಮೇಲಾಗಿದ್ದರೆ ಎಡ ಬಲವಾಗಿ ಕಾಣುತ್ತದೆ. ಕಳೆದ ವರ್ಷ ಒಂದಿಡೀ ತಟ್ಟೆಯನ್ನು ಹಾಗೆ ತಪ್ಪು ಎಣಿಸಿ, ನಾನೇ ಹೋಗಿ ಒಪ್ಪಿಕೊಂಡಿದ್ದೆ. ಈ ಸಲ ಒಂದೊಂದನ್ನೂ ಒದ್ದೆ ಕುಂಚದ ತುದಿಯಿಂದ ಬೋರಲು ಮಲಗಿಸಿ ಮೂರು ಸಲ ಎಣಿಸಿದೆ. ಇನ್ನೂರ ಹನ್ನೆರಡೇ.

ಆಗ ಅವರ ಬೆರಳು ನಿನ್ನ ಕಡೆ ತಿರುಗಿತು. “ಹಡಗಿನವನು ಚೀಟಿ ಅದಲುಬದಲು ಮಾಡಿರ್ತಾನೆ.” ಎರಡು ಬಣ್ಣದ ಚಪ್ಪಲಿ ಹಾಕಿಕೊಂಡು ಶಾಲೆಗೆ ಹೋದವನಲ್ಲವೇ ನೀನು, ಒಂದು ಗಳಿಗೆ ನನಗೂ ಅನುಮಾನ ಬಂತು. ಆದರೆ ಹೊರಗೆ ಅಂಟಿಸುವ ಚೀಟಿ ಸಾಲದೆಂದು ಸೀಸದ ಕಡ್ಡಿಯಲ್ಲಿ ಬರೆದ ಇನ್ನೊಂದನ್ನು ಬಾಟಲಿಯೊಳಗೇ ಮುಳುಗಿಸುವ ಅಭ್ಯಾಸ ನಿನಗಿದೆಯಲ್ಲ? ಚಿಮಟದಿಂದ ಅದನ್ನು ಹೊರತೆಗೆದೆ. ಸ್ಪಿರಿಟ್ಟಿನಲ್ಲಿ ನೆನೆದರೂ ಒಂದಕ್ಷರ ಕದಡಿರಲಿಲ್ಲ. ಬಲೆ ಒಂಬತ್ತು, ತಾರೀಕು, ಆಳ, ಕೆಳಗೆ “ಗಾಳಿ ಕೆಟ್ಟದ್ದು, ಕಾಫಿ ಇನ್ನೂ ಕೆಟ್ಟದ್ದು.” ಒಯ್ದು ಅವರ ಮೇಜಿನ ಮೇಲಿಟ್ಟೆ. ಓದಿ ನಕ್ಕರು. “ತಮ್ಮನ ಚೀಟಿಗೆ ಅಕ್ಕನ ಸಾಕ್ಷಿ. ಚೆನ್ನಾಗಿದೆ ರೀ ನಿಮ್ಮ ಸಂಸಾರ! ಒಂಬತ್ತನ್ನ ತೆಗೆದು ಪ್ರಬಂಧ ತನ್ನಿ, ಇವತ್ತೇ ಸಹಿ ಹಾಕ್ತೀನಿ.”

ಮೂರು ವರ್ಷದ ಕೆಲಸ, ಪುಟ್ಟ. ಆ ಒಂದು ಸಹಿಯಿಲ್ಲದೆ ಪದವಿಯಿಲ್ಲ. ಹಾಗೆಂದು, ಕಡಲು ಹೇಳಿದ್ದನ್ನು ಅಳಿಸಿ, ನಿನ್ನನ್ನು ಬೇಜವಾಬ್ದಾರಿಯವನನ್ನಾಗಿ ಮಾಡಿ, ಅದರ ಮೇಲೆ ನನ್ನ ಹೆಸರು ಬರೆಸಿಕೊಳ್ಳಲೇ? “ತೆಗೆಯೋದಿಲ್ಲ ಸರ್” ಎಂದೆ. ನಿನ್ನ ಚೀಟಿ ಎತ್ತಿಕೊಂಡು ಹೊರಟು ಬಂದೆ.

ಮೈ ಬೆಚ್ಚಗಿಟ್ಟುಕೋ. ಡೆಕ್ಕಿನ ಮೇಲೆ ಹಗ್ಗ ಕಟ್ಟಿಕೊಳ್ಳದೆ ಓಡಾಡಬೇಡ. ಅಡುಗೆಯವರಿಗೆ ನನ್ನ ನಮಸ್ಕಾರ, ಕಾಫಿಯ ವಿಷಯ ಹೇಳಬೇಡ.

ನಿನ್ನ ಮೊಂಡು
ಅಕ್ಕ

ತಾ. ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಕಾಗದ ಅಂಚೆಗೆ ಒಯ್ಯಲು ಪಕ್ಕದ ಮನೆಯ ಟೈಲರಮ್ಮ ಬಾಗಿಲಲ್ಲಿ ನಿಂತಿದ್ದಾರೆ. ಅಸಲು ವಿಷಯ ಇದು. ಬೆಳಿಗ್ಗೆಯೇ ಒಂಬತ್ತನ್ನೂ ಸೇರಿಸಿ ಪ್ರಬಂಧವನ್ನು ನೇರ ಪದವಿ ಸಮಿತಿಗೆ ಕೊಟ್ಟು ಬಂದೆ, ಸರಾಸರಿಯ ಸಹಿಯಿಲ್ಲದೆ. ಬಲೆ ಎಳೆದವನೆಂದು ನಿನ್ನ ಹೆಸರನ್ನೂ ಹಾಕಿದ್ದೇನೆ. ತಿಂಗಳ ಕೊನೆಯೊಳಗೆ ಹಡಗಿನ ದಿನಚರಿಯ ಆ ದಿನದ ಪುಟ, ನೀರಿನ ಉಷ್ಣತೆಯ ಅಂಕಿಯ ಸಮೇತ, ಸಮಿತಿಯವರ ಕೈಸೇರಬೇಕು. ಕ್ಯಾಪ್ಟನ್ನರ ಸಹಿ ಹಾಕಿಸಿ ಕಳಿಸು. ಅಂಕಿ ನನ್ನ ವಿರುದ್ಧ ಇದ್ದರೂ ಕಳಿಸು. ಇಷ್ಟನ್ನೂ ಒಂದೇ ಉಸಿರಿಗೆ ಟೈಲರಮ್ಮನಿಗೆ ಹೇಳಿದೆ. ಕತ್ತಿನ ಅಳತೆ ಟೇಪು ಸರಿಮಾಡಿಕೊಳ್ಳುತ್ತಾ ಅವರು, “ಟೇಪು ಎಷ್ಟು ತೋರ್ಸುತ್ತೋ ಅಷ್ಟಕ್ಕೆ ಹೊಲೀಬೇಕಪ್ಪ. ನಿಮ್ಮ ಸೊಂಟ ಇಷ್ಟಿರಬಾರದು ಅಂತ ಗಿರಾಕಿ ಹತ್ರ ಯಾರಾದ್ರೂ ಜಗಳ ಆಡ್ತಾರೇನ್ರೀ? ಕೊಡಿ ಇಲ್ಲಿ, ಅಂಚೆಯವನು ಬಾಗಿಲು ಹಾಕ್ತಾನೆ” ಎಂದರು.