ಯಾವ ನಾವು?

ಆಗಸ್ಟ್ 5, ಸೋಮವಾರ. ಸಂಜೆ

ಬ್ಯಾಡ್ಜ್ ಇನ್ನೂ ಚೂಡಿದಾರದ ಮೇಲೇ ಇದೆ. ತೆಗೆಯಲು ಮನಸ್ಸಿಲ್ಲ. 'ಅಧ್ಯಕ್ಷೆ, ಇತಿಹಾಸ ಸಂಘ'. ಅವ್ವ ಒಲೆ ಮುಂದೆ ಕೂತಲ್ಲಿಂದಲೇ ಓದಿ, "ಅಧ್ಯಕ್ಷರು ಸ್ವಲ್ಪ ಈರುಳ್ಳಿ ಹೆಚ್ಚಿ ಕೊಡ್ತೀರಾ?" ಅಂದಳು. ಹೆಚ್ಚಿಕೊಟ್ಟೆ. ಬ್ಯಾಡ್ಜ್ ಹಾಕಿಕೊಂಡೇ.

ಇವತ್ತು ಕಾಲೇಜಿನ ಎಲ್ಲ ಸಂಘಗಳ ಪದಾಧಿಕಾರಿಗಳಿಗೂ ತರಬೇತಿ. ಯೂನಿವರ್ಸಿಟಿಯಿಂದ ಗೀತಮ್ಮ ಮೇಡಂ ಬಂದಿದ್ದರು. ಪಿಪಿಟಿ ಹಾಕಲು ಹೋದರೆ ಕರೆಂಟಿಲ್ಲ. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಸಭೆ ಕರೆಯುವುದು ಹೇಗೆ, ಕೆಲಸ ಹಂಚುವುದು ಹೇಗೆ, ಜಗಳ ಬಂದರೆ ಯಾರು ಮೊದಲು ಸುಮ್ಮನಾಗಬೇಕು... ಎಲ್ಲ ಬಾಯಲ್ಲೇ ಹೇಳಿದರು. ನನಗೆ ಹಿಡಿಸಿದ್ದು ಒಂದು ಮಾತು. "ಇವತ್ತಿಂದ ನಿಮ್ಮ ಬಾಯಲ್ಲಿ 'ನಾನು' ಬರಬಾರದು. 'ನಾವು' ಅನ್ನಿ. ನಾನು ನಾನು ಅನ್ನೋರ ಹಿಂದೆ ಯಾರೂ ಬರಲ್ಲ."

ಪಕ್ಕದಲ್ಲಿ ಚಿನ್ನಕ್ಕ. ಉಪಾಧ್ಯಕ್ಷೆ. ಮೊದಲ ವರ್ಷದಿಂದ ನಾವಿಬ್ಬರೂ ಒಂದೇ ಬೆಂಚು. ಸಿದ್ದಾಪುರದವಳು, ಇಲ್ಲಿ ಚಳ್ಳಕೆರೆಯಲ್ಲಿ ಹಾಸ್ಟೆಲ್. ಮೇಡಂ ಹೇಳಿದ್ದು ಕೇಳಿ ನನ್ನ ಕಿವಿಯಲ್ಲಿ, "ನೀನು 'ನಾನು' ಅನ್ನೋದು ಬಿಟ್ರೆ ದಿನಕ್ಕೆ ಅರ್ಧ ಮಾತು ಉಳೀತಾವೆ ಕಣೆ" ಅಂದಳು. ಕಾಲು ತುಳಿದೆ. ಇಬ್ಬರೂ ನಕ್ಕೆವು.

ಇನ್ನು ಮೇಲೆ ನಾವು. ಬರೀ ನಾವು.

ಆಗಸ್ಟ್ 9, ಶುಕ್ರವಾರ. ಮಧ್ಯಾಹ್ನ, ಲೈಬ್ರರಿ

ಸೋಮಶೇಖರಪ್ಪ ಸರ್ ಕರೆದಿದ್ದರು. ನಮ್ಮ ಸಂಘದ ಸಂಚಾಲಕರು ಅವರೇ. ಹೋದ ವರ್ಷ ಸಂಘ ಒಂದೇ ಒಂದು ಕಾರ್ಯಕ್ರಮ ಮಾಡಿಲ್ಲವಂತೆ. ಈ ತಿಂಗಳೊಳಗೆ ಏನೂ ಆಗದಿದ್ದರೆ ಸಂಘವನ್ನು ಮುಚ್ಚಿ ಎಲ್ಲರನ್ನೂ ಎನ್‌ಎಸ್‌ಎಸ್‌ಗೆ ಸೇರಿಸುತ್ತಾರಂತೆ. "ನೋಡಮ್ಮ, ಸುಮ್ನೆ ಬೋರ್ಡಿಗೆ ಒಂದು ಸಂಘ ಬೇಡ" ಅಂದರು. ಬ್ಯಾಡ್ಜ್ ಬಂದು ವಾರ ಕೂಡ ಆಗಿಲ್ಲ.

ಕೂತಲ್ಲೇ ಎಲ್ಲ ಯೋಚಿಸಿಬಿಟ್ಟೆ. 25ರ ಭಾನುವಾರ ಸಿದ್ದಾಪುರಕ್ಕೆ, ಅಶೋಕನ ಬಂಡೆ ಶಾಸನಕ್ಕೆ ಒಂದು ಇತಿಹಾಸ ನಡಿಗೆ. ಮೊದಲ ವರ್ಷದ ಹುಡುಗಿಯರು ಹುಡುಗರು ಎಲ್ಲ. ಬಂಡೆ ಹತ್ತಿರ ವಿವರಣೆ ನನ್ನದು, ಆಗಲೇ ಅರ್ಧ ಬಾಯಿಪಾಠ. ಜಂಟಿ ಕಾರ್ಯದರ್ಶಿ ಪಾಲಾಕ್ಷ ಬಸ್ಸು ನೋಡಲಿ. ಚಿನ್ನಕ್ಕನ ಊರೇ ಅಲ್ಲವಾ, ಎಲ್ಲರಿಗೂ ಚಿತ್ರಾನ್ನದ ವ್ಯವಸ್ಥೆ ಅವಳದು.

ಸಂಘದ ವಾಟ್ಸಾಪ್ ಗ್ರೂಪಿಗೆ ಹಾಕಿದೆ. 'ನಾವು ಸಿದ್ದಾಪುರ ನಡಿಗೆ ತೀರ್ಮಾನ ಮಾಡಿದ್ದೇವೆ. ನಾವು ಕೆಲಸ ಹಂಚಿದ್ದೇವೆ.' ನೋಡಿ ಮೇಡಂ, ಒಂದು ಕಡೆಯೂ 'ನಾನು' ಇಲ್ಲ.

ಸಂಜೆ, ಮನೆಯಲ್ಲಿ

ಚಿನ್ನಕ್ಕ ಉತ್ತರ ಹಾಕಿದ್ದಾಳೆ. 'ಮೇಮಾ? ಮನಮಾ?' ಅಷ್ಟೇ.

ಏನೋ ಮೀಮ್ ತಮಾಷೆ ಇರಬೇಕು. ನಗುವ ಬೊಂಬೆ ಹಾಕಿದೆ, ಮೂರು ಸಲ.

ಆಗಸ್ಟ್ 10, ಶನಿವಾರ

ಚಿನ್ನಕ್ಕ ಗ್ರೂಪ್ ಬಿಟ್ಟಿದ್ದಾಳೆ. ಕ್ಲಾಸಿನಲ್ಲಿ ಬೆಂಚು ಬದಲಿಸಿದ್ದಾಳೆ. ಕೇಳಿದರೆ, "ನಾನು ಉಪಾಧ್ಯಕ್ಷೆ ಬಿಟ್ಟೆ. ಸರ್‌ಗೆ ಹೇಳಿದೀನಿ" ಅಂದಳು. ಅಷ್ಟೇ. ಮುಖ ಕೂಡ ನೋಡಲಿಲ್ಲ.

ಏನು ಮಾಡಿದೆ ಅಂತ ಈ ಸಿಟ್ಟು? ಚಿತ್ರಾನ್ನ ಮಾಡಿಸು ಅಂದದ್ದು ಇಷ್ಟು ದೊಡ್ಡದಾ? ನನಗೂ ಸಿಟ್ಟು ಬರುತ್ತದೆ. ಹೋಗಲಿ ಬಿಡು.

ಆಗಸ್ಟ್ 17, ಶನಿವಾರ. ಮಧ್ಯಾಹ್ನ

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನಿತ್ತು? ಕಾಲೇಜು, ಮನೆ, ಒಂಟಿ ಬೆಂಚು.

ಹೋಗಲಿ ಬಿಡು ಅಂದದ್ದು ಸುಳ್ಳು. ಅವಳಿಲ್ಲದೆ ಊಟದ ಡಬ್ಬಿ ತೆಗೆಯಲೂ ಬೇಸರ. ನಡಿಗೆ ಬೇರೆ ಮುರಿದು ಬೀಳುವ ಹಾಗಿದೆ. ಮೊದಲ ವರ್ಷದ ಹುಡುಗಿಯರ ಮನೆಯವರೆಲ್ಲ ಕೇಳುವುದು ಒಂದೇ, ಚಿನ್ನಕ್ಕ ಬರುತ್ತಾಳಾ? ಹೋದ ವರ್ಷ ಯೂನಿವರ್ಸಿಟಿ ಸ್ಪರ್ಧೆಯಿಂದ ಬಸ್ಸು ತಡವಾಗಿ ಬಂದಾಗ ಒಬ್ಬೊಬ್ಬ ಹುಡುಗಿಯನ್ನೂ ಮನೆ ಬಾಗಿಲ ತನಕ ಬಿಟ್ಟು ಬಂದವಳು ಅವಳು, ಅದು ಊರಿಗೆಲ್ಲ ಗೊತ್ತು. ಬಸ್ಸು ಇಲ್ಲಿಂದ ಹೊರಡುವಾಗ ಅವಳು ಇರಬೇಕು, ಇಲ್ಲದಿದ್ದರೆ ಹುಡುಗಿಯರು ಇಲ್ಲ. ಹುಡುಗಿಯರು ಇಲ್ಲದಿದ್ದರೆ ನಡಿಗೆ ಇಲ್ಲ, ಸಂಘವೂ ಇಲ್ಲ.

ಕ್ಯಾಂಟೀನಿನಲ್ಲಿ ಪಾಲಾಕ್ಷನಿಗೆ ಅವಳ ಮೆಸೇಜು ಮತ್ತೆ ತೋರಿಸಿ, ಇದು ಯಾವ ಮೀಮ್ ಅಂತ ಕೇಳಿದೆ. ಬಿ.ಜಿ. ಕೆರೆಯವನು ಅವನು, ತೆಲುಗು ಚೆನ್ನಾಗಿ ಬರುತ್ತದೆ. ಟೀ ಮೂಗಿಗೆ ಏರುವಷ್ಟು ನಕ್ಕ.

"ಗೊತ್ತಿಲ್ದೇನೇ ಇದಕ್ಕೆ ನಗೋ ಬೊಂಬೆ ಹಾಕಿದ್ರಾ ಅಧ್ಯಕ್ಷರೇ? ಅದು ಮೀಮ್ ಅಲ್ಲ. ಮೇಮು. ಅವ್ರ ಮನೇಲಿ ತೆಲುಗಲ್ವಾ, ತೆಲುಗಲ್ಲಿ 'ನಾವು' ಎರಡು ಐತೆ."

"ಎರಡಾ?"

"ಮೇಮು ಅಂದ್ರೆ ನಾವು, ನಿನ್ನ ಬಿಟ್ಟು. ಮನಂ ಅಂದ್ರೆ ನಾವು, ನೀನೂ ಸೇರಿ. ಅವ್ಳು ಕೇಳಿದ್ದು ಏನಂದ್ರೆ, ನಿನ್ನ 'ನಾವು' ಒಳಗೆ ನಾನು ಇದೀನಾ ಇಲ್ವಾ ಅಂತ."

ಹೊಸದುರ್ಗದ ಕಡೆಯಿಂದ ಬಂದವರು ನಾವು. ಅಪ್ಪನಿಗೆ ಕುದಾಪುರದ ಒಂದು ಕ್ಯಾಂಪಸ್ಸಿನ ನರ್ಸರಿಯಲ್ಲಿ ಕೆಲಸ ಸಿಕ್ಕ ಮೇಲೆ ಚಳ್ಳಕೆರೆ ಸೇರಿದ್ದು. ಇಷ್ಟು ವರ್ಷ ಇಲ್ಲಿದ್ದು ತೆಲುಗು ಕಿವಿಗೆ ಬಿದ್ದದ್ದೇ ಬಿದ್ದದ್ದು, ಒಂದು ದಿನವೂ ಕೇಳಿಸಿಕೊಂಡಿರಲಿಲ್ಲ.

ಒಳಗೆ ಇದ್ದೀನಾ ಇಲ್ಲವಾ ಅಂತ ಅವಳು ಕೇಳಿದಳು. ನಾನು ನಕ್ಕೆ. ಎಲ್ಲರ ಮುಂದೆ, ಮೂರು ಸಲ.

ಆಗಸ್ಟ್ 18, ಭಾನುವಾರ. ಸಂಜೆ

ಹೋಗಿ ಬಂದೆ. ಶನಿವಾರವೇ ಅವಳು ಊರಿಗೆ ಹೋಗಿದ್ದಾಳೆ ಅಂತ ಹಾಸ್ಟೆಲ್ಲಿನಲ್ಲಿ ಹೇಳಿದರು. ಬಿ.ಜಿ. ಕೆರೆ ದಾಟಿದ ಮೇಲೆ ಬಸ್ಸಿಳಿದು ಆಟೋ ಹಿಡಿದೆ. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡದ್ದೆಲ್ಲ ಅವರ ಮನೆ ಕಾಣುತ್ತಲೇ ಮರೆತುಹೋಯಿತು.

ಅವಳ ಅವ್ವ ಬೋರಕ್ಕ ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದರು. ಯಾರು ಅಂತ ಕೇಳುವ ಮೊದಲೇ ನೀರು ಕೊಟ್ಟರು. ಆಮೇಲೆ ಮುದ್ದೆ ಇಟ್ಟು, "ರಾಮ್ಮಾ, ಮನಂ ತಿಂದಾಂ" ಅಂದರು. ಬಾಮ್ಮಾ, ಉಣ್ಣೋಣ ಅಂತ. ಮನಂ. ನನ್ನನ್ನೂ ಸೇರಿಸಿ. ಹೆಸರು ಕೂಡ ಕೇಳಿರಲಿಲ್ಲ ಅವರು. ಕಣ್ಣಲ್ಲಿ ನೀರು ಬಂತು. ಸಾರು ಖಾರ ಅಂತ ಸುಳ್ಳು ಹೇಳಿದೆ.

ಊಟ ಆದ ಮೇಲೆ ಚಿನ್ನಕ್ಕ ಹಿತ್ತಲಿಗೆ ಬಂದಳು. ಕೈ ಕಟ್ಟಿಕೊಂಡು ನಿಂತಳು.

"ಏನಕ್ಕೆ ಬಂದಿ? ಸಂಘ ಮುಚ್ತಾರೆ ಅಂತಾನಾ?"

"ಅದೂ ಹೌದು" ಅಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನೀನು ಇಲ್ದೆ ಬೇಜಾರು ಅಂತ ಜಾಸ್ತಿ."

"ಗ್ರೂಪಲ್ಲಿ ಎಲ್ಲಾರ ಮುಂದೆ ನಕ್ಕಿದ್ದಿ."

"ಅದು ತೆಲುಗು ಅಂತ ಗೊತ್ತಿರಲಿಲ್ಲ ಕಣೆ. ಮೀಮ್ ಅಂದ್ಕೊಂಡೆ."

ತುಟಿ ಒಂಚೂರು ಅಲ್ಲಾಡಿತು. ತಡೆದುಕೊಂಡಳು. ಆಮೇಲೆ ಹೇಳಿದಳು. "ಆ ಬಂಡೆ ಹತ್ರ ಆಡ್ಕೊಂಡು ಬೆಳೆದೋಳು ನಾನು. ಊರಿಗೆ ಬಂದೋರೆಲ್ಲಾ ಅಲ್ಲಿ ನಿಂತು ಭಾಷಣ ಮಾಡ್ತಾರೆ, ನಾವು ನೀರು ತಂದುಕೊಡ್ತೀವಿ. ನಾನೂ ಒಂದು ದಿನ ಅಲ್ಲಿ ನಿಂತು ಮಾತಾಡ್ಬೇಕು ಅಂತ ಈ ಕಾಲೇಜು ಸೇರಿದ್ದು, ಇತಿಹಾಸ ತಗೊಂಡಿದ್ದು. ನಿಂಗೆ ಹೇಳೂ ಇದ್ದೆ. ನೀನು ನಂಗೆ ಚಿತ್ರಾನ್ನ ಕೊಟ್ಟಿ. ಅದನ್ನೂ ನಾವು ಅಂತ ಬರ್ದಿ."

ಹೌದು, ಹೇಳಿದ್ದಳು. ಮೊದಲ ವರ್ಷದಲ್ಲಿ, ನಮ್ಮ ಬೆಂಚಿನಲ್ಲಿ.

"ನಾವು ತೀರ್ಮಾನ ಮಾಡಿರಲಿಲ್ಲ. ನಾನು ಮಾಡಿದ್ದೆ, ಒಬ್ಬಳೇ" ಅಂದೆ. "ಬಂಡೆ ಹತ್ರ ನೀನು ಮಾತಾಡು."

"ನೋಡ್ತೀನಿ" ಅಂದು ಒಳಗೆ ಹೋದಳು. ಬಸ್ಸಿಗೆ ಬಿಡಲು ಬರಲಿಲ್ಲ.

ಆಗಸ್ಟ್ 19, ಸೋಮವಾರ

ಗ್ರೂಪಿಗೆ ಹಾಕಿದೆ. 'ನಡಿಗೆಯ ಕೆಲಸ ಹಂಚಿದ್ದು ನಾನು, ಯಾರನ್ನೂ ಕೇಳದೆ. ನಾವು ಅಂತ ಬರೆದದ್ದು ಸುಳ್ಳು. ಚಿನ್ನಕ್ಕನಲ್ಲಿ ಕ್ಷಮೆ ಕೇಳುತ್ತೇನೆ. ಬಂಡೆ ಹತ್ತಿರ ಮಾತು ಅವಳದು. ಚಿತ್ರಾನ್ನ ನನ್ನದು.' ಪಾಲಾಕ್ಷ ಉತ್ತರ ಹಾಕಿದ, 'ಅಧ್ಯಕ್ಷರೇ, ಉಪ್ಪು ನೋಡ್ಕೊಂಡು ಹಾಕಿ.'

ಸರ್ ಕೂಡ ಒಪ್ಪಿದರು. ಆದರೆ ಅವಳು ರಾಜೀನಾಮೆ ವಾಪಸು ತೆಗೆದುಕೊಂಡಿಲ್ಲವಂತೆ. ಕ್ಲಾಸಿನಲ್ಲಿ ಅದೇ ಬೇರೆ ಬೆಂಚು.

ನಿಜ ಹೇಳಬೇಕೆಂದರೆ ನನ್ನ ಬಾಯಿಪಾಠ ಬಿಟ್ಟುಕೊಟ್ಟದ್ದಕ್ಕೆ ಇನ್ನೂ ಸಂಕಟ ಇದೆ. ಬಚ್ಚಲಲ್ಲಿ ಒಂದು ಸಲ ಪೂರ್ತಿ ಹೇಳಿಕೊಂಡೆ. ಅವ್ವ ಹೊರಗಿನಿಂದ, "ಯಾರ ಜೊತೆ ಮಾತಾಡ್ತಿ?" ಅಂದಳು.

ಆಗಸ್ಟ್ 23, ಶುಕ್ರವಾರ

ಚಿನ್ನಕ್ಕ ಇನ್ನೂ ಹೂಂ ಅಂದಿಲ್ಲ. ಹುಡುಗಿಯರು ಕೇಳುತ್ತಲೇ ಇದ್ದಾರೆ. ಭಾನುವಾರ ಬಸ್‌ಸ್ಟ್ಯಾಂಡಿಗೆ ಬನ್ನಿ ಅಂದೆ, ಬೇರೇನೂ ಹೇಳಲಿಲ್ಲ. ಚಿನ್ನಕ್ಕ ಬರುತ್ತಾಳೆ ಅಂತ ಹೇಳಿಬಿಡೋಣ ಅನ್ನಿಸಿತು. ಅವಳನ್ನು ಕೇಳದೆ ಅವಳ ಪರವಾಗಿ ಮತ್ತೊಂದು ಮಾತು ಆಡುವುದು ಬೇಡ.

ಆಗಸ್ಟ್ 25, ಭಾನುವಾರ. ಬೆಳಿಗ್ಗೆ, ಚಳ್ಳಕೆರೆ ಬಸ್‌ಸ್ಟ್ಯಾಂಡ್

ಚಿತ್ರಾನ್ನದ ಪಾತ್ರೆ ಕಾಲ ಬಳಿ ಇದೆ. ಅವ್ವ ಬೇಗ ಎದ್ದು ಜೊತೆಗೂಡಿ ಮಾಡಿಕೊಟ್ಟಳು. ಉಪ್ಪು ಸರಿ ಇದೆ.

ಹುಡುಗಿಯರು ಬಂದಿದ್ದಾರೆ, ಜೊತೆಗೆ ಅಮ್ಮಂದಿರು. ಯಾರೂ ಬಸ್ಸು ಹತ್ತಿಲ್ಲ. ಒಬ್ಬರು ಸೀದಾ ಬಂದು ಕೇಳಿದರು, "ಆ ಸಿದ್ದಾಪುರದ ಹುಡುಗಿ ಎಲ್ಲಮ್ಮ?" ಗೊತ್ತಿಲ್ಲ ಅಂದೆ. ಅವರು ಮಗಳ ಕೈ ಹಿಡಿದುಕೊಂಡರು. ಸೋಮಶೇಖರಪ್ಪ ಸರ್ ಗಡಿಯಾರ ನೋಡಿ ನನ್ನ ಮುಖ ನೋಡುತ್ತಿದ್ದಾರೆ. ನಾನು ತಲೆ ಎತ್ತದೆ ಇದನ್ನು ಬರೆಯುತ್ತಿದ್ದೇನೆ.

ಬರದಿದ್ದರೂ ಅವಳ ಮೇಲೆ ಸಿಟ್ಟು ಮಾಡಿಕೊಳ್ಳುವುದಿಲ್ಲ. ಸಂಘ ಹೋದರೆ ಹೋಗಲಿ. ಬೆಂಚಿಗೆ ವಾಪಸು ಬಂದರೆ ಸಾಕಿತ್ತು...

ಹುಡುಗಿಯರು ಕೂಗುತ್ತಿದ್ದಾರೆ. ಹಾಸ್ಟೆಲ್ ಕಡೆಯಿಂದ ಯಾರೋ ಓಡಿ ಬರುತ್ತಿದ್ದಾರೆ, ಚಪ್ಪಲಿ ಕೈಯಲ್ಲಿ.

ಬಂದಳು. ಎದೆಯ ಮೇಲೆ ಉಪಾಧ್ಯಕ್ಷೆಯ ಬ್ಯಾಡ್ಜ್. ಏದುಸಿರು ಬಿಡುತ್ತಾ ಪಾತ್ರೆಯ ಒಂದು ಹಿಡಿ ಹಿಡಿದಿದ್ದಾಳೆ, ಇನ್ನೊಂದು ಹಿಡಿ ನನಗೆ ಬಿಟ್ಟಿದ್ದಾಳೆ. "ಇನ್ನೂ ಬರೀತಾ ಕೂತಿದೀಯಾ? ನಡಿಯೇ, ಮನಂ ಪೋದಾಂ" ಅಂತಾಳೆ.

ನಾವು