ಕುರಿಗಳ ಜೊತೆ ಆಡಿದ ಮಾತು

ಉಜಿಮುಚಿನ್ ಹುಲ್ಲುಗಾವಲು, ಒಳ ಮಂಗೋಲಿಯ,
ಏಪ್ರಿಲ್ 9, 1994

ಪ್ರೀತಿಯ ನರಸು ಅಕ್ಕಾ,

ನಿನ್ನ ಕೆಮ್ಮು ಇಳಿಯಿತೇ? ಹೊಹ್‌ಹೊತ್ ನಗರದ ಕಲ್ಲಿದ್ದಲ ಹೊಗೆ ನಿನಗೆ ಮೊದಲಿಂದಲೂ ಆಗುವುದಿಲ್ಲ. ರಾತ್ರಿ ಬಿಸಿ ಹಾಲಿಗೆ ಬೆಣ್ಣೆ ಹಾಕಿಕೊಂಡು ಕುಡಿ. ಭಾವನವರಿಗೆ ಬಡ್ತಿಯಾದದ್ದು ತಿಳಿದು ಸಂತೋಷವಾಯಿತು. ನಿನ್ನ ಮಗಳು ವೆನ್‌ಜಿಂಗ್ ಗುಂಡಗೆ ಆಗಿದ್ದಾಳೆ, ಚಳಿಗಾಳಿಗೆ ಕೆನ್ನೆ ಕೆಂಪಾಗಿದೆ.

ಅವಳನ್ನು ಇಲ್ಲಿ ಬಿಟ್ಟುಹೋಗುವ ದಿನ ನೀನು ಜೀಪಿನ ಬಾಗಿಲು ಹಿಡಿದುಕೊಂಡು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಅಮ್ಮಾ, ಇವಳ ಮುಂದೆ ನಮ್ಮ ಮಂಗೋಲ್ ಮಾತು ಒಂದೂ ಆಡ್ಬೇಡ. ನೀವಿಬ್ರೂ ಆಡ್ಕೋಬೇಡಿ. ನಾನು ಚೀನೀ ಮಾತಾಡಿದ್ರೆ ಆಫೀಸಿನಲ್ಲಿ ಇವತ್ತಿಗೂ ನಗ್ತಾರೆ. ಇವಳಿಗೆ ಆ ಗತಿ ಬೇಡ." ನಾನು ಬಾಯಿ ತೆರೆಯುವ ಮೊದಲೇ, "ನೀನು ಮಂಗೋಲ್ ಸಾಹಿತ್ಯ ಓದಿ ಏನು ಕಡಿದು ಕಟ್ಟೆ ಹಾಕಿದೆ? ಕುರಿ ಕಾಯ್ತಿದ್ದೀಯ" ಎಂದು ನೀನು ನನ್ನನ್ನು ಹಂಗಿಸಿದೆ. ನಿಜವೇ.

ಅಮ್ಮ ನಿನ್ನ ಮಾತು ಮೀರಲಿಲ್ಲ. ಅವಳಿಗೆ ಬರುತ್ತಿದ್ದ ಚೀನೀ ಎಂದರೆ 'ತಿನ್ನು', 'ಮಲಗು', ಅಷ್ಟೇ. ಮೊಮ್ಮಗಳಿಗೆ ಅಷ್ಟನ್ನೇ ಹೇಳುತ್ತಿದ್ದಳು. ನಾವಿಬ್ಬರೂ ಮಾತಾಡಬೇಕೆಂದರೆ ಎದ್ದು ಕುರಿದೊಡ್ಡಿಗೆ ಹೋಗುತ್ತಿದ್ದೆವು. ಈ ಸಲ ಚೊಚ್ಚಲ ಕುರಿಗಳು ಬಹಳ. ಈದ ಮರಿಯನ್ನು ಮೂಸಿಯೂ ನೋಡದೆ ಒದೆಯುತ್ತಿದ್ದವು. ಅಮ್ಮ ಎಂದಿನಂತೆ ಪಕ್ಕದಲ್ಲಿ ಕೂತು, ಮರಿಯನ್ನು ಕೆಚ್ಚಲಿಗೆ ಒತ್ತಿ, "ತೊಯ್ಗ್, ತೊಯ್ಗ್" ಎಂದು ತಾಯಿಕುರಿಯ ಮನಸ್ಸು ಕರಗುವವರೆಗೂ ಹಾಡುತ್ತಿದ್ದಳು. ನಡುನಡುವೆ ಮಂಡಿನೋವು, ಸತ್ತ ಅಪ್ಪನ ಕುದುರೆ, ಮೊಮ್ಮಗಳಿಗೆ ನಿನ್ನದೇ ಹಣೆ ಬಂದದ್ದು, ಎಲ್ಲವನ್ನೂ ಕುರಿಗೆ ಹೇಳುತ್ತಿದ್ದಳು. ಗುಡಾರದ ಬಾಗಿಲಲ್ಲಿ ಕೂತ ವೆನ್‌ಜಿಂಗ್ ಒಂದು ದಿನ ನನ್ನನ್ನು ಕೇಳಿದಳು: "ಚಿಕ್ಕಮ್ಮಾ, ಅಜ್ಜಿಗೆ ಕುರಿ ಭಾಷೆ ಯಾರು ಕಲಿಸಿದ್ದು?" ನಾನು ನಕ್ಕು ಅಮ್ಮನಿಗೂ ಹೇಳಿದೆ. ಅಮ್ಮ ನಗಲಿಲ್ಲ. "ಕುರಿಗಳಾದ್ರೂ ಪುಣ್ಯ ಮಾಡಿವೆ ಬಿಡು" ಎಂದು ಎದ್ದುಹೋದಳು.

ಕಳೆದ ವಾರ ಮೇವು ತರಲು ನಾನು ಪೇಟೆಗೆ ಹೋದಾಗ ಹಿಮಗಾಳಿ ಎದ್ದು ಅಲ್ಲೇ ಉಳಿಯಬೇಕಾಯಿತು. ಮರುದಿನ ಬಂದೆ. ವೆನ್‌ಜಿಂಗ್ ಒಲೆಯ ಬಳಿ ಕರಿದ ರೊಟ್ಟಿ ತಿನ್ನುತ್ತಿದ್ದಳು. "ಅಜ್ಜಿ ನಿನ್ನೆ ಕುರಿಗಳ ಹತ್ರ ಎಷ್ಟೊಂದು ಮಾತಾಡಿದ್ರು ಗೊತ್ತಾ? ಜೋರಾಗಿ! ಆಮೇಲೆ ಎಲ್ಲಾ ಮಲ್ಕೊಂಡ್ರು" ಎಂದಳು. ದೊಡ್ಡಿಯಲ್ಲಿ ಅಮ್ಮ ಮಂಜುಗಡ್ಡೆಯ ಮೇಲೆ ಜಾರಿ ತೊಡೆ ಮುರಿದುಕೊಂಡು ಬಿದ್ದಿದ್ದಳು. ಮೈ ಮರಗಟ್ಟಿಹೋಗಿತ್ತು. ಅವಳ ನಿಲುವಂಗಿಯೊಳಗೆ ತಾಯಿ ಒಲ್ಲದ ಒಂದು ಮರಿ ಮಾತ್ರ ಬೆಚ್ಚಗೆ ಉಸಿರಾಡುತ್ತಿತ್ತು.

ತಂತಿ ಕೊಡಲು ಹೋದೆ. ಚೀನೀ ಅಕ್ಷರದಲ್ಲೇ ಬರೆದುಕೊಡಬೇಕೆಂದರು. ಅಮ್ಮನ ಸಾವನ್ನು ಅದರಲ್ಲಿ ಬರೆಯಲು ಕೈ ಬರಲಿಲ್ಲ, ವಾಪಸು ಬಂದೆ. ನೆರೆಯವರು ಸೇರಿ ಗುಡ್ಡದ ದಕ್ಷಿಣಕ್ಕೆ ಮಣ್ಣು ಮಾಡಿದರು. ಅಜ್ಜಿ ದೂರ ಹೋಗಿದ್ದಾರೆಂದು ಮಗುವಿಗೆ ಹೇಳಿದ್ದೇನೆ.

ಭಾವನವರಿಗೆ ನಮಸ್ಕಾರ. ನಿನ್ನ ಒಲೆ ಆರದಿರಲಿ.

ನಿನ್ನ ತಂಗಿ,
ಸಾರುಲ್

ಹಾಲಿನ ಲಾರಿ ಹೊರಟಿದೆ, ಇದೊಂದು ಬರೆದುಬಿಡುತ್ತೇನೆ. ಜೀಪು ಕಳಿಸಬೇಡ, ನೀನೇ ಬಾ. ಅಜ್ಜಿ ಆ ದಿನ ಮತ್ತೆ ಮತ್ತೆ ಕೂಗಿದ್ದೆಲ್ಲ ಮಗುವಿಗೆ ಬಾಯಿಪಾಠವಾಗಿದೆ. ಉಳಿದ ಆ ಮರಿಗೆ ಹಾಡಿ ಹಾಡಿ ಹಾಲು ಕುಡಿಸುತ್ತಾಳೆ. ಒಂದು ಸ್ವರವೂ ತಪ್ಪುವುದಿಲ್ಲ. "ಕೂಸೇ, ಹೊರಗೆ ಬಾರೇ. ಕಾಲು ಮುರಿದಿದೆ. ಯಾರನ್ನಾದ್ರೂ ಕರಿಯೇ." ಕೊನೆಯದು, "ಹೋಗಲಿ, ಬಾಗಿಲು ಹಾಕ್ಕೋ ಕಂದಾ, ಗಾಳಿ ಬರುತ್ತೆ." ಇದರ ಅರ್ಥವೇನು ಎಂದು ದಿನವೂ ಕೇಳುತ್ತಾಳೆ. ಕುರಿಗಳ ಮಾತು, ನನಗೆ ಬರುವುದಿಲ್ಲ ಎಂದಿದ್ದೇನೆ. ನೀನು ಬಂದಾಗ ನಿನ್ನನ್ನು ಕೇಳಬೇಕೆಂದು ಕಾಯುತ್ತಿದ್ದಾಳೆ.